ನಲ್ಲಿ ಮೂಳೆ ಮಂಚಕ್ಕೆ ಹೋಗಲ್ಲ

ನಿಮ್ಮನೇಲಿ ಮಟನ್ ಸಾರು ಮಾಡಿದ ದಿನ ನಲ್ಲಿ ಮೂಳೆ ಯಾರ ತಟ್ಟೆಗೆ ಬೀಳ್ತೈತೆ? ನಿಜ ಹೇಳಿ. "ಅಯ್ಯೋ, ನಮ್ಮನೇಲಿ ಅಂಥ ಭೇದ ಇಲ್ಲಪ್ಪ, ಯಾರಿಗೆ ಬಂದ್ರೂ ಒಂದೇ" ಅನ್ನೋರು ಒಂದೋ ಸುಳ್ಳು ಹೇಳ್ತಾವ್ರೆ, ಇಲ್ಲಾಂದ್ರೆ ಬರೀ ಸೊಪ್ಪುಸಾರು ತಿನ್ನೋರು.

ತಿನ್ನದೋರಿಗೂ ಗೊತ್ತಾಗ್ಲಿ ಅಂತ ಹೇಳ್ತೀನಿ. ಮೇಕೆ ಕಾಲಿನ ಉದ್ದ ಮೂಳೆ ಐತಲ್ಲ, ಅದು ಒಳಗೆ ಕೊಳವೆ ತರ ಟೊಳ್ಳು. ಆ ಕೊಳವೆ ತುಂಬ ಬೆಣ್ಣೆಯಂಥ ಮಜ್ಜೆ. ಅದೇ ನಲ್ಲಿ ಮೂಳೆ. ತಟ್ಟೆ ಅಂಚಿಗೆ ಟಕ್ ಟಕ್ ಅಂತ ಕುಟ್ಟಿ, ಬಾಯಿಗಿಟ್ಟು ಸುರ್‌ರ್ ಅಂತ ಎಳೀಬೇಕು. ಆ ಸದ್ದಿಗೆ ಪಕ್ಕದಲ್ಲಿ ಕೂತೋರಿಗೆ ಅವರ ತಟ್ಟೆ ಸಾರು ಸಪ್ಪೆ ಆಗ್ಬೇಕು. ಅದು ಮರ್ಯಾದೆ ಮೂಳೆ. ನಮ್ಮತ್ತೆ ಇರೋ ತನಕ ಅವರ ತಟ್ಟೆಗೆ ಬೀಳ್ತಿತ್ತು, ಅವರು ಹೋದ ಮೇಲೆ ನನ್ನ ತಟ್ಟೆಗೆ. ಇದನ್ನ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದ್ರೆ ಯಾರೂ ಮೀರಿರಲಿಲ್ಲ, ಹೋದ ವರ್ಷದ ಯುಗಾದಿ ತನಕ.

ನನಗೀಗ ಎಪ್ಪತ್ತೆರಡೋ ಎಪ್ಪತ್ತಮೂರೋ. ಮುಳಬಾಗಿಲು ತಾಲೂಕು, ತಾಯಲೂರು ಹತ್ರ ನಮ್ಮೂರು. ಎರಡು ಹಸು, ಅರ್ಧ ಎಕರೆ ಹಿಪ್ಪುನೇರಳೆ, ಮಗ ಮಂಜ, ಸೊಸೆ ಸುಜಾತ, ಮೊಮ್ಮಗಳು ಪಲ್ಲವಿ. ಈ ಪಲ್ಲವೀನೇ ಹೋದ ತಿಂಗಳು ನನಗೆ ಫೋನಲ್ಲಿ ಟೈಪ್ ಮಾಡೋದು ಹೇಳ್ಕೊಟ್ಟಿದ್ದು. ಒಂದೇ ಬೆರಳಲ್ಲಿ ಕೋಳಿ ಕಾಳು ಕುಟುಕಿದಂಗೆ ಕುಟುಕ್ತೀನಿ. "ಅಜ್ಜಿ, ಏನಾದ್ರೂ ನಿನ್ನ ಅನುಭವ ಬರಿ" ಅಂದ್ಲು. ನಾನು ದೇವರ ನಾಮ ಬರೀತೀನಿ ಅಂದ್ಕೊಂಡವ್ಳೆ ಪಾಪ.

ಹೋದ ವರ್ಷ ಶಿವರಾತ್ರಿಗೆ ಮುಂಚೆ ನಮ್ಮ ಬೀಗಿತ್ತಿ ನಾರಾಯಣಮ್ಮ ನಮ್ಮನೆಗೆ ಬಂದ್ಲು. ಸೊಸೆ ಸುಜಾತಳ ತಾಯಿ, ಶ್ರೀನಿವಾಸಪುರದೋಳು. ಮಾತು ಅರ್ಧ ಕನ್ನಡ ಅರ್ಧ ತೆಲುಗು. ನನ್ನ "ವದಿನಾ" ಅಂತ ಕರೀತಾಳೆ, ಅಂದ್ರೆ ಅತ್ತಿಗೆ ಅಂತ. ಮೊದಮೊದಲು ಇಬ್ಬರೂ ನೀವು ತಾವು ಅಂತಿದ್ವಿ. ಪಲ್ಲವಿ ಹುಟ್ಟಿದಾಗ ಮಗು ಯಾರ ಥರ ಅಂತ ಜಗಳ ಆಯ್ತು ನೋಡಿ, ಆವತ್ತಿಂದ ನೀನು ತಾನು.

ಅವಳ ಬಲಮಂಡಿ ಪೂರ್ತಿ ಸವೆದು ಹೋಗಿತ್ತು. ಕೋಲಾರದಲ್ಲಿ ಆಪರೇಷನ್ ಮಾಡಿ ಸ್ಟೀಲಿನ ಮಂಡಿ ಹಾಕಿದ್ರು. ಅವಳಿಗೆ ಸುಜಾತ ಒಬ್ಬಳೇ ಮಗಳು. ಜೊತೆಗೆ ಪಲ್ಲವಿ ಕೋಲಾರದಲ್ಲೇ ಫಿಜಿಯೋಥೆರಪಿ ಓದ್ತಾಳೆ, ಕೈಕಾಲು ಬಗ್ಗಿಸಿ ಎಳೆದು ವಾಸಿ ಮಾಡೋ ಓದು ಅದು. ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ. "ಅತ್ತೆ ನಮ್ಮನೇಲೇ ಇರ್ಲಿ, ಪಲ್ಲವಿ ವ್ಯಾಯಾಮ ಮಾಡಿಸ್ತಾಳೆ" ಅಂದ ನನ್ನ ಮಗ. ನಾನೂ ದೊಡ್ಡ ಮನಸು ಮಾಡಿ, "ಇರ್ಲಿ ಬಿಡಪ್ಪ, ಅವಳೇನು ಹೊರಗಿನೋಳಾ" ಅಂದೆ.

ಆ ದೊಡ್ಡ ಮನಸು ಎರಡು ದಿನ ಇತ್ತು.

ಮೂರನೇ ದಿನ ಕಿಟಕಿ ಪಕ್ಕದ ನನ್ನ ಮಂಚ ಅವಳಿಗೆ ಹೋಯ್ತು, ಗಾಳಿ ಬೆಳಕು ಬೇಕಂತೆ. ಆಮೇಲೆ ನೋಡಕ್ಕೆ ಬರೋರ ಸಾಲು. ಬಾಳೆಹಣ್ಣು, ಬ್ರೆಡ್ಡು, ಎಳನೀರು. ಬಂದೋರೆಲ್ಲ ನನ್ನ ಮುಂದೇನೇ ದಾಟ್ಕೊಂಡು ಹೋಗಿ ಅವಳ ಮಂಚದ ಹತ್ರ ನಿಲ್ಲೋರು. ಅವಳೋ, ಸೀರೆ ಮಂಡಿ ತನಕ ಎತ್ತಿ ಹೊಲಿಗೆ ಗುರುತು ತೋರಿಸೋಳು, ಹೊಸ ಒಡವೆ ತೋರಿಸಿದಂಗೆ. ದಿಂಬಿನ ಕೆಳಗೆ ಎಕ್ಸ್‌ರೇ ಇಟ್ಕೊಂಡಿದ್ಲು. ಅದನ್ನ ಕಿಟಕಿಗೆ ಹಿಡಿದ್ರೆ ಮೂಳೆ ಬೂದಿ ಬಣ್ಣ, ನಡುವೆ ಸ್ಟೀಲು ಬೆಳ್ಳಗೆ ಫಳಫಳ. "ಚೂಡು ವದಿನಾ, ಎಷ್ಟು ನೈಸಾಗೈತೆ" ಅಂತ ನನಗೂ ತೋರಿಸಿದ್ಲು. ನನ್ನ ಮೈಮೇಲೆ ಹೊಳೆಯೋದು ಅಂದ್ರೆ ಮೂಗುತಿ ಒಂದೇ. ಅವಳ ಕಾಲೊಳಗೇ ಅಷ್ಟು ಹೊಳಪು ಐತಲ್ಲಾ ಅಂತ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂಗಾಯ್ತು.

ಅದನ್ನೂ ಸಹಿಸ್ಕೊಳ್ತಿದ್ದೆ. ಸಹಿಸಕ್ಕೆ ಆಗದೇ ಇದ್ದಿದ್ದು ಪಲ್ಲವಿ ಪುಸ್ತಕ.

ಕಾಲೇಜಲ್ಲಿ ಒಬ್ಬ ರೋಗೀನ ಆರಿಸ್ಕೊಂಡು, ದಿನಾ ನೋಡಿ, ಅವರ ಬಗ್ಗೆ ಒಂದು ರೆಕಾರ್ಡ್ ಪುಸ್ತಕ ಬರೀಬೇಕಂತೆ. ಇವಳು ಅವ್ವನ್ನ ಆರಿಸ್ಕೊಂಡಳು. ನನ್ನ ಅಜ್ಜಿ ಅಂತಾಳೆ, ಬೀಗಿತ್ತೀನ ಅವ್ವ ಅಂತಾಳೆ. ಸಾಯಂಕಾಲ ಬಸ್ಸಿಳಿದು ಬಂದೋಳೇ ನೇರ ಅವ್ವನ ಹತ್ರ. ಮೊದಲು ಕೊಟ್ಟಿಗೆಗೆ ಬಂದು ನನ್ನ ಬೆನ್ನ ಮೇಲೆ ಜೋತುಬೀಳ್ತಿದ್ದ ಹುಡುಗಿ ಅದು! ಈಗ ಎರಡು ಸ್ಕೇಲು ಒಂದು ಮೊಳೆಗೆ ಸೇರಿಸಿದಂಥ ಒಂದು ಸಾಮಾನು ತಗೊಂಡು, ಅವ್ವನ ಮಂಡಿಗೆ ಹಿಡಿದು, ಎಷ್ಟು ಬಗ್ಗುತ್ತೆ ಅಂತ ಅಳೆದು ಬರ್ಕೊಳೋದು. ಫೋಟೋ ಬೇರೆ.

ಒಂದಿನ ಆ ಪುಸ್ತಕ ತಿರುವಿ ನೋಡಿದೆ. ಎಲ್ಲಾ ಇಂಗ್ಲಿಷು. "ಎಷ್ಟು ಪುಟ ಆಯ್ತೇ?" ಅಂದೆ.

"ಹದಿನೆಂಟು ಅಜ್ಜಿ."

"ಬರೀ ಇವಳ ಒಂದು ಮಂಡಿ ಮೇಲೇನಾ?"

"ಹೂಂ."

"ನನ್ನ ಬಗ್ಗೆ?"

"ನಿನ್ನ ಬಗ್ಗೆ ಯಾಕೆ ಬರೀಲಿ? ನಿನಗೇನಾಗಿದೆ?"

ಹೌದಲ್ವಾ. ನನಗೇನಾಗಿದೆ! ಅವತ್ತೇ ತೀರ್ಮಾನ ಮಾಡಿದೆ, ಏನಾದ್ರೂ ಆಗ್ಬೇಕು ಅಂತ.

ಮಾರನೇ ದಿನ ಬೆಳಿಗ್ಗೆ ಹಾಲಿನ ಕ್ಯಾನು ತಗೊಂಡು ಡೈರಿಗೆ ಹೊರಟೋಳು ಹೊಸಿಲ ಹತ್ರ ನಿಂತು, "ಅಯ್ಯಪ್ಪಾ" ಅಂದೆ. ಎಡಗಾಲು ಕುಂಟಿದೆ. ಪಲ್ಲವಿ ಕಾಲೇಜ್ ಬ್ಯಾಗ್ ಕೆಳಗಿಟ್ಟು ಓಡಿ ಬಂದ್ಲು. ಆಹಾ, ಏನು ಸುಖ! "ಎಲ್ಲಿ ಅಜ್ಜಿ ನೋವು? ಹೆಂಗೆ ನೋವು?" ಅಂತ ಕೇಳಿದ್ಲು. ಅವಳು ದಿನಾ ಜೋರಾಗಿ ಓದ್ಕೊಳೋದು ಕಿವಿಗೆ ಬಿದ್ದಿತ್ತಲ್ಲ, ಎರಡು ಮೂಳೆ ಸೇರೋ ತುದೀಲಿ ಮೆತ್ತನೆ ಮೂಳೆ ಇರ್ತೈತೆ, ಅದರ ಹೆಸರು ಮೃದ್ವಸ್ಥಿ ಅಂತ. ನಾನೂ ತಿಳಿದೋಳು ಅಂತ ತೋರಿಸ್ಕೊಳಕ್ಕೆ ಅಂದೆ, "ಮೂಳೇಲಿ ಅಲ್ಲ ಕಣೇ. ಆ ಮೃದ್ವಸ್ಥಿ ಅಂತೀಯಲ್ಲ, ಅದರೊಳಗೇನೇ ಸೂಜಿ ಚುಚ್ಚಿದಂಗೆ ಆಯ್ತದೆ."

ಪಲ್ಲವಿ ನನ್ನ ಮುಖ ಒಂದು ಗಳಿಗೆ ನೋಡಿದ್ಲು. "ಹೌದಾ? ಮೃದ್ವಸ್ಥಿ ಒಳಗೇನಾ? ಸರಿ" ಅಂದ್ಲು. ಅಷ್ಟೇ. ಪುಸ್ತಕಾನೂ ತೆಗೀಲಿಲ್ಲ, ಸ್ಕೇಲೂ ತೆಗೀಲಿಲ್ಲ.

ಕುಂಟೋದು ನೀವಂದ್ಕೊಂಡಷ್ಟು ಸುಲಭ ಅಲ್ಲ. ಅವತ್ತು ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪು ತರೋವಾಗ ಮರೆತು ಬಲಗಾಲು ಕುಂಟಿಬಿಟ್ಟೆ. ಸುಜಾತ ಕೇಳಿದ್ಲು, "ಅತ್ತೆ, ಬೆಳಿಗ್ಗೆ ಎಡಗಾಲು ಅಂದ್ರಿ?" ನಾನು, "ವಾತ ಕಣಮ್ಮ, ಓಡಾಡ್ತೈತೆ" ಅಂತ ಜಾರಿಸ್ಕೊಂಡೆ. ಆದ್ರೆ ದಿನಾ ಹಿಂಗೆ ಆಗಲ್ಲ ಅಂತ ಒಂದು ಕರಿದಾರ ತಗೊಂಡು ಎಡಗಾಲಿಗೆ ಕಟ್ಕೊಂಡೆ. ಯಾರಾದ್ರೂ ಕೇಳಿದ್ರೆ ಕುರುಡುಮಲೆ ಗಣಪ್ಪನ ಹತ್ರ ಪೂಜೆ ಮಾಡಿಸಿದ ದಾರ ಅಂತಿದ್ದೆ. ಗಣಪ್ಪ ಕ್ಷಮಿಸ್ಲಿ. ಅದು ಹೂ ಕಟ್ಟೋಕೆ ತಂದಿದ್ದ ಉಂಡೆಯಲ್ಲಿ ಕಿತ್ತಿದ್ದು. ಬೆಳಿಗ್ಗೆ ಎದ್ದು ಕಾಲು ನೋಡ್ಕೊಳೋದು, ದಾರ ಇರೋ ಕಾಲು ಕುಂಟೋದು. ಎಂಟು ದಿನ ಒಂದು ತಪ್ಪೂ ಆಗಲಿಲ್ಲ.

ಎಂಟು ದಿನದಲ್ಲಿ ನನಗೆ ಸಿಕ್ಕಿದ್ದೇನು? ಸುಜಾತ ಒಂದ್ಸಲ ಎಣ್ಣೆ ತಿಕ್ಕಿದ್ಲು. ಡೈರಿ ಹತ್ರ ಇಬ್ಬರು "ಏನಮ್ಮ, ಕಾಲಾ?" ಅಂದ್ರು. ಒಂದು ಎಳನೀರು ಬರಲಿಲ್ಲ.

ಒಂಬತ್ತನೇ ದಿನ ಭಾನುವಾರ. ಮಧ್ಯಾಹ್ನ ಮುದ್ದೆ ತಿಂದು ಅಡುಗೆಮನೆ ಬಾಗಿಲಲ್ಲಿ ಚಾಪೆ ಹಾಕಿ ಒರಗಿದೆ. ನನ್ನ ನಿದ್ದೆ ಅಂದ್ರೆ ಕಲ್ಲು ಹೊಡೆದ್ರೂ ಏಳಲ್ಲ. ಎದ್ದು ಕಾಲು ನೋಡ್ಕೊಂಡೆ, ದಾರ ಇತ್ತು. ಆ ಕಾಲು ಕುಂಟ್ಕೊಂಡು, ಗೋಡೆ ಹಿಡ್ಕೊಂಡು ಹಜಾರಕ್ಕೆ ಬಂದೆ. ಮಗ, ಸೊಸೆ, ಪಲ್ಲವಿ ಕಾಫಿ ಕುಡೀತಾ ಇದ್ರು. ಬಾಗಿಲು ತೆರೆದಿತ್ತು, ರೂಮಲ್ಲಿ ಮಂಚದ ಮೇಲೆ ಬೀಗಿತ್ತಿ.

"ಅಜ್ಜಿ, ಇವತ್ತು ನೋವು ಹೆಂಗಿದೆ?" ಅಂದ್ಲು ಪಲ್ಲವಿ, ಬಾಳ ಮೆತ್ತಗೆ.

"ಜಾಸ್ತಿ ಕಣೇ. ಜೀವ ಹೋಯ್ತೈತೆ."

"ಯಾವ ಕಾಲು?"

"ಇದೇ."

"ಅದು ಬಲಗಾಲು. ಇಷ್ಟು ದಿನ ಎಡಗಾಲಿತ್ತಲ್ಲಾ?"

ನನಗೆ ಸಿಟ್ಟು ಬಂತು. "ಕಣ್ಣಿಲ್ವೇನೇ ನಿನಗೆ? ದಾರ ಇದಕ್ಕೇ ತಾನೇ ಕಟ್ಟೈತೆ!"

ಬಾಯಿಂದ ಬಂದ ಮೇಲೆ ಗೊತ್ತಾಯ್ತು. ನಾನು ಗೊರಕೆ ಹೊಡೀತಾ ಇದ್ದಾಗ ಆ ಹುಡುಗಿ ದಾರ ಬಿಚ್ಚಿ ಇನ್ನೊಂದು ಕಾಲಿಗೆ ಕಟ್ಟಿದ್ಲು! ಮಂಜ ಬಾಯಲ್ಲಿದ್ದ ಕಾಫಿ ಉಗುಳಿದ. ಸುಜಾತ ಸೆರಗು ಬಾಯಿಗಿಟ್ಕೊಂಡು ಅಡುಗೆಮನೆಗೆ ಓಡಿದ್ಲು. ಅದೆಲ್ಲಾ ಹೋಗ್ಲಿ. ರೂಮಿಂದ ಬೀಗಿತ್ತಿ ನಗೋ ಸದ್ದು ಬಂತಲ್ಲ, "ಅಮ್ಮಮ್ಮಮ್ಮಾ, ದಾರಮಂಟಾ ದಾರಂ" ಅಂತ, ಮಂಚವೇ ಕಿರಗುಟ್ಟುವಂಗೆ, ಅದು ನನ್ನ ಎದೇಲಿ ಇವತ್ತೂ ಐತೆ.

ಕೊಟ್ಟಿಗೇಗೆ ಹೋಗಿ ಹಸು ಹತ್ರ ಕೂತ್ಕೊಂಡೆ. ಸ್ವಲ್ಪ ಹೊತ್ತಿಗೆ ಪಲ್ಲವಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ್ಲು. "ಕೋಪಾನಾ?" ಅಂದ್ಲು. ನಾನು ಹಸು ಕತ್ತು ಸವರಿದೆ.

"ಮೊದಲನೇ ದಿನಾನೇ ಗೊತ್ತಾಯ್ತು ಅಜ್ಜಿ. ಮೃದ್ವಸ್ಥಿಗೆ ನರಾನೇ ಇಲ್ಲ. ಅದರೊಳಗೆ ನೋವು ಅಂತ ಅನ್ಸೋದೇ ಇಲ್ಲ. ಸವೆದು ಸವೆದು ಕೆಳಗಿನ ಮೂಳೆ ಹೊರಗೆ ಬಂದ್ಮೇಲೇನೇ ಜನಕ್ಕೆ ನೋವು ಜೋರಾಗಿ ಗೊತ್ತಾಗೋದು. ನೀನು ಒಳಗೇನೇ ಸೂಜಿ ಚುಚ್ಚುತ್ತೆ ಅಂದೆಯಲ್ಲ!"

ನೋಡಿ ನನ್ನ ಹಣೆಬರಹ. ಮೈಯಲ್ಲಿ ಇಷ್ಟೊಂದು ಜಾಗ ಇತ್ತು, ನೋವೇ ಆಗದ ಜಾಗ ಹುಡುಕಿ ನೋವು ಅಂದಿದ್ದೆ.

ಅವಳು ನನ್ನ ಎರಡೂ ಮಂಡಿ ಬಗ್ಗಿಸಿ, ಕೈಯಿಟ್ಟು ನೋಡಿದ್ಲು. "ಈ ವಯಸ್ಸಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಕರೀತೀಯ. ನಿನ್ನ ಮಂಡಿ ಚಿನ್ನ ಅಜ್ಜಿ" ಅಂದ್ಲು. ಚಿನ್ನ ಅಂತೆ. ಚೆನ್ನಾಗಿರೋ ಮಂಡಿ ಮೇಲೆ ಯಾರೂ ಪುಸ್ತಕ ಬರಿಯಲ್ಲ.

ಆಮೇಲೆ ಅವಳ ಮುಖ ಸಣ್ಣಗಾಯ್ತು. "ಅವ್ವಂದೇ ಯೋಚನೆ. ಮಂಡಿ ಬಗ್ಗಿಸಕ್ಕೇ ಬಿಡಲ್ಲ. ಮುಟ್ಟಿದ್ರೆ ಕಿರಿಚ್ತಾರೆ. ಇಬ್ಬರು ಹಿಡ್ಕೊಂಡ್ರೆ ಬಚ್ಚಲಿಗೆ ಹೋಗ್ತಾರೆ, ಅಷ್ಟೇ. ಸ್ಟೀಲ್ ಹಾಕಿದ್ದು ಡಾಕ್ಟರು, ಬಗ್ಗಿಸಬೇಕಾದ್ದು ಅವ್ವ. ಈಗ ಬಗ್ಗಿಸದಿದ್ರೆ ಸುತ್ತ ಇರೋ ಮಾಂಸ ಬಿಗಿದು ಕಾಲು ಕೋಲಾಗುತ್ತೆ. ಯುಗಾದಿ ಆದ್ಮೇಲೆ ತೋರಿಸಕ್ಕೆ ಹೋಗ್ಬೇಕು. ಕುರ್ಚೀಲಿ ಕೂತಂಗೆ ತೊಂಬತ್ತು ಡಿಗ್ರಿ ಬಗ್ಗದಿದ್ರೆ, ಇನ್ನೊಂದ್ಸಲ ಮತ್ತು ಬರೋ ಮದ್ದು ಕೊಟ್ಟು ಬಲವಂತವಾಗಿ ಬಗ್ಗಿಸಬೇಕಾಗುತ್ತೆ ಅಂತ ಹೇಳಿದ್ದಾರೆ."

ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ನನಗೆ ಖುಷಿ ಆಯ್ತು. ಅಷ್ಟು ಹೊಳೆಯೋ ಮಂಡಿ, ಬಗ್ಗಲ್ಲ! ಆಮೇಲೆ ಮೊಮ್ಮಗಳ ಕಣ್ಣಲ್ಲಿ ನೀರು ನೋಡಿ, ಆ ನೀರೂ ಬೀಗಿತ್ತಿಗೋಸ್ಕರಾನೇ ಅಲ್ವಾ ಅಂತ ಮತ್ತೆ ಉರೀತು.

ಯುಗಾದಿ ಬಂತು. ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಅಂಗಡಿ ಮಾಂಸ ತರಲ್ಲ. ಎಂಟು ಮನೆಯೋರು ಸೇರಿ ಒಂದು ಮೇಕೆ ತಂದು, ಹುಣಸೆ ಮರದ ಕೆಳಗೆ ಮುತ್ತುಗದ ಎಲೆ ಹಾಸಿ ಎಂಟು ಗುಡ್ಡೆ ಮಾಡ್ತಾರೆ. ಒಂದೊಂದು ಗುಡ್ಡೆಗೂ ಸ್ವಲ್ಪ ಈಲಿ ಅಂದ್ರೆ ಲಿವರ್ರು, ಸ್ವಲ್ಪ ಚರ್ಬಿ, ಒಂದೇ ಒಂದು ನಲ್ಲಿ ಮೂಳೆ. ಎಂಟು ಗುಡ್ಡೆ, ಎಂಟು ಮೂಳೆ. ಒಂದು ಮನೆಗೆ ಎರಡು ಬಂದ್ರೆ ಇನ್ನೊಂದು ಮನೇಲಿ ವರ್ಷ ಪೂರ್ತಿ ಮಾತಿರಲ್ಲ.

ಮಂಜ ಗುಡ್ಡೆ ತಂದು ಅಡುಗೆಮನೇಲಿಟ್ಟ. ನಾನು ಈಳಿಗೆ ಮಣೆ ಮುಂದೆ ಕೂತೆ. ಪಲ್ಲವಿಗೆ ರಜ. ಎದುರಿಗೆ ಬಂದು ಕೂತು, "ಅಜ್ಜಿ, ಆ ಕೀಲು ಇರೋದು ಬಿಡಿಸಿ ತೋರ್ಸು, ನಾವು ಕಾಲೇಜಲ್ಲಿ ಪ್ಲಾಸ್ಟಿಕ್ಕಿಂದು ನೋಡೋದೇ ಜಾಸ್ತಿ" ಅಂದ್ಲು. ಅಬ್ಬಾ! ಎಷ್ಟು ದಿನ ಆದ್ಮೇಲೆ ನನ್ನ ಹತ್ರ ಕೂತಿದ್ದು! ಕೀಲಿನ ಸುತ್ತ ಇರೋ ಬಿಳಿ ನಾರು ಕುಯ್ದು, ಎರಡು ಮೂಳೆ ಬೇರೆ ಮಾಡಿ ಅವಳ ಕೈಗೆ ಕೊಟ್ಟೆ. ಒಳಗೆ ಲೋಳೆಸರದ ಲೋಳೆ ತರ ಸ್ವಲ್ಪ ಜಾರೋ ನೀರು. ಮೂಳೆ ತುದಿ ಮೇಲೆ ಬೆಳ್ಳಗೆ, ಪಿಂಗಾಣಿ ತರ ನುಣ್ಣಗೆ, ಕೊಬ್ಬರಿ ಆಗದ ಎಳೆಕಾಯಿ ತಿರುಳಿನಂಥ ಒಂದು ಹೊದಿಕೆ.

"ಇದೇ ಅಜ್ಜಿ ಮೃದ್ವಸ್ಥಿ!" ಅಂತ ಕೂಗಿದ್ಲು.

"ಇದಾ? ಇದನ್ನ ನಾನು ಅರವತ್ತು ವರ್ಷದಿಂದ ನೋಡ್ತಾ ಇದೀನಲ್ಲೇ. ಬೆಂದ ಮೇಲೆ ಕರುಕುರು ಅಂತೈತೆ."

"ಇದಿಲ್ಲದೆ ಮೂಳೆಗೆ ಮೂಳೆ ತಾಗಿದ್ರೆ, ರಾಗಿ ಹಾಕದೆ ಬೀಸೋ ಕಲ್ಲು ತಿರುಗಿಸಿದಂಗೆ. ಅವ್ವಂಗೆ ಆಗಿದ್ದು ಅದೇ" ಅಂದ್ಲು. ಆಮೇಲೆ ಬಾಯಿ ಬಿಡ್ತು ನೋಡಿ ಹುಡುಗಿ. ಈ ಮೃದ್ವಸ್ಥಿಗೆ ರಕ್ತನಾಳಾನೂ ಇಲ್ಲವಂತೆ. ಮತ್ತೆ ಊಟ ಹೆಂಗೆ? ಸ್ಪಂಜಿನ ತರವಂತೆ. ನಾವು ಕಾಲಿಟ್ಟಾಗ ಒತ್ತಿ ನೀರು ಹೊರಗೆ, ಎತ್ತಿದಾಗ ಆ ಲೋಳೆನೀರು ಮತ್ತೆ ಒಳಗೆ. ಅದೇ ಅದಕ್ಕೆ ಊಟ. ಸುಮ್ಮನೆ ಕೂತೋರ ಮಂಡಿ ಉಪವಾಸ. ರಕ್ತ ಇಲ್ಲದ್ದಕ್ಕೇ ಒಂದ್ಸಲ ಹರಿದ್ರೆ ಸರಿಯಾಗಿ ಕೂಡಿಕೊಳ್ಳಲ್ಲವಂತೆ. ಮೂಳೆ ಹಂಗಲ್ಲ. ನಾನು ಮೂಳೆ ಅಂದ್ರೆ ಕಲ್ಲುಕಂಬ ಅಂದ್ಕೊಂಡಿದ್ದೆ. ಅದಕ್ಕೆ ಜೀವ ಐತಂತೆ, ರಕ್ತ ಹರೀತೈತಂತೆ, ಹಳೇದನ್ನ ಕರಗಿಸಿ ಹೊಸದು ಕಟ್ಟೋ ಕೆಲಸ ಒಳಗೆ ನಡೀತಾನೇ ಇರ್ತೈತಂತೆ. ಅದಕ್ಕೇ ಮುರಿದ್ರೆ ಕೂಡೋದು. ಹೊಟ್ಟೇಲಿರೋ ಮಗೂಗೆ ಮೊದಲು ಎಲ್ಲಾ ಹೆಚ್ಚೂಕಮ್ಮಿ ಮೃದ್ವಸ್ಥೀನೇ, ಆಮೇಲೆ ಒಂದೊಂದಾಗಿ ಮೂಳೆ ಆಗೋದು. ದೊಡ್ಡೋರಾದ ಮೇಲೂ ಮೂಗಿನ ತುದಿ, ಕಿವಿ, ಹಂಗೇ ಉಳ್ಕೊಂತವೆ.

"ಓಹೋ, ಅದಕ್ಕೇ ಓಲೆ ಭಾರಕ್ಕೆ ನನ್ನ ಕಿವಿ ಹಿಂಗೆ ಜೋತು ಬಿದ್ದಿರೋದು" ಅಂದೆ.

"ಅಲ್ಲ. ಮೇಲಿನ ಕಿವಿ ಮೃದ್ವಸ್ಥಿ. ಓಲೆ ಹಾಕೋ ತುದೀಲಿ ಅದೂ ಇಲ್ಲ, ಬರೀ ಚರ್ಮ, ಕೊಬ್ಬು."

"ಹಂಗಾದ್ರೆ ಈ ನಲ್ಲಿ ಮೂಳೆಯೊಳಗೆ? ರಕ್ತ ಆಗೋದು ಇಲ್ಲೇ ತಾನೇ? ಅದಕ್ಕೇ ನಾನು ಗಟ್ಟಿ."

"ಚಿಕ್ಕವರಿಗೆ ಇಲ್ಲೂ ಆಗುತ್ತೆ. ದೊಡ್ಡವರಾದ ಮೇಲೆ ಸೊಂಟ, ಎದೆ, ಬೆನ್ನಿನ ಮೂಳೇಲಿ ಜಾಸ್ತಿ ಆಗೋದು. ಕಾಲಿನ ನಲ್ಲಿಯೊಳಗೆ ಬಹುಪಾಲು ಕೊಬ್ಬೇ."

"ಅಯ್ಯೋ, ಇಷ್ಟು ವರ್ಷ ನಾನು ತಿಂದಿದ್ದು ಬರೀ ಕೊಬ್ಬಾ?"

"ಗೊತ್ತಾಗುತ್ತೆ ಬಿಡು" ಅಂತ ನನ್ನ ಸೊಂಟ ಚಿವುಟಿದ್ಲು. ಇಬ್ಬರೂ ನಕ್ಕು ನಕ್ಕು ಸಾಕಾಯ್ತು. ಮೂಳೆ ಹಿಡಿದಿರೋ ನನ್ನ ಕೈ ಫೋಟೋ ತೆಗೆದ್ಲು. ಆ ಒಂದು ಗಂಟೆ ನನ್ನ ಹೊಟ್ಟೆ ಉರಿ ಪೂರ್ತಿ ಆರಿಹೋಗಿತ್ತು. ಅಲ್ಲಿಗೇ ನಿಂತಿದ್ರೆ ಈ ಕತೇನೇ ಇರ್ತಿರಲಿಲ್ಲ.

ಸಾರು ಕೊತಕೊತ ಕುದೀತಿತ್ತು. ಸುಜಾತ ಬಂದು ಸೌಟಲ್ಲಿ ತಿರುವಿ, ತಲೆ ಬಗ್ಗಿಸ್ಕೊಂಡು ಅಂದ್ಲು, "ಅತ್ತೆ, ಈ ಸಲ ನಲ್ಲಿ ಮೂಳೆ ನಮ್ಮಮ್ಮನ ತಟ್ಟೆಗೆ ಹಾಕೋಣ್ವಾ? ಮೂಳೆ ಕೆಲಸ ಆಗೈತಲ್ಲ, ಒಳ್ಳೇದು. ನಾನೇ ಮಂಚದ ಹತ್ರ ತಗೊಂಡೋಗಿ ಕೊಡ್ತೀನಿ."

ನಾನು ಪಲ್ಲವಿ ಕಡೆ ನೋಡಿದೆ. ಇವಳಾದ್ರೂ 'ಅಜ್ಜೀದು ಅಜ್ಜೀಗೆ' ಅಂತಾಳೆ ಅಂತ. ಅವಳು ಫೋನಲ್ಲಿ ಫೋಟೋ ನೋಡ್ತಾ, "ಹೌದಜ್ಜಿ, ಅವ್ವಂಗೇ ಕೊಡೋಣ. ಪಾಪ" ಅಂದ್ಲು.

ಪಾಪ ಅಂತೆ! ಮಂಚ ಹೋಯ್ತು, ಎಳನೀರು ಹೋಯ್ತು, ಮೊಮ್ಮಗಳು ಹೋದ್ಲು, ಪುಸ್ತಕ ಹೋಯ್ತು. ಉಳಿದಿದ್ದು ಒಂದು ಮೂಳೆ. ನನಗೆ ಎಲ್ಲಿತ್ತೋ ಸಿಟ್ಟು, ರೂಮಿನೋಳಿಗೆ ಕೇಳಿಸ್ಲಿ ಅಂತಲೇ ಗಂಟಲು ಎತ್ತರಿಸಿ ಹೇಳಿದೆ.

"ನೋಡಮ್ಮ ಸುಜಾತ. ನಲ್ಲಿ ಮೂಳೆ ಮಂಚಕ್ಕೆ ಹೋಗಲ್ಲ. ನಮ್ಮತ್ತೆ ಕಾಲದಿಂದ ಅದು ಪಂಕ್ತಿಗೆ ಬಂದು ಕೂತ ಹಿರೀಕಳಿಗೆ. ನಮ್ಮತ್ತೆ ಕೊನೇ ವರ್ಷಾನೂ ಗೋಡೆ ಹಿಡ್ಕೊಂಡು ಬಂದು ಕೂತು ತಿಂದ್ರು. ಎದ್ದು ಬರೋರಿಗೆ ಮೂಳೆ. ಮಲಗಿರೋರಿಗೆ ಗಂಜಿ."

ಸುಜಾತ ಕಣ್ಣಲ್ಲಿ ನೀರು ತುಂಬ್ಕೊಂತು. ಮಂಜ "ಅಮ್ಮಾ..." ಅಂದ. ಪಲ್ಲವಿ ನನ್ನ ಕಡೆ ನೋಡಿದ ನೋಟ ಹೇಳಕ್ಕೆ ಬರಲ್ಲ. ಆಡಿದ ಮಾತು ಕೆಟ್ಟದ್ದು ಅಂತ ನನಗೂ ಗೊತ್ತಾಯ್ತು. ಆದ್ರೆ ನುಂಗಕ್ಕೆ ಆಗಲಿಲ್ಲ. ಸುಮ್ಮನೆ ತಟ್ಟೆ ಹಾಕ್ತಾ ಹೋದೆ.

ನಾಲ್ಕು ತಟ್ಟೆಗೆ ಮುದ್ದೆ ಇಟ್ಟಿದ್ದೆ ಅಷ್ಟೇ. ರೂಮಿಂದ ಒಂದು ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು, ಟಕ್. ಎಲ್ಲರೂ ಬಾಗಿಲ ಕಡೆ ತಿರುಗಿದ್ವಿ. ನಾರಾಯಣಮ್ಮ. ವಾಕರ್ ಹಿಡ್ಕೊಂಡು ನಿಂತವ್ಳೆ, ಯಾರೂ ಹಿಡ್ಕೊಂಡಿಲ್ಲ. ಮುಖ ಕೆಂಪಗೆ, ಹಣೆ ತುಂಬ ಬೆವರು. ಸುಜಾತ "ಅಮ್ಮಾ ಬೀಳ್ತೀಯ" ಅಂತ ಓಡೋಕೆ ಹೋದ್ಲು, ಪಲ್ಲವಿ ಅವಳ ಕೈ ಹಿಡಿದು ನಿಲ್ಲಿಸಿದ್ಲು. ತಾನು ಮಾತ್ರ ಮೆಲ್ಲಗೆ ಹೋಗಿ ಅವ್ವನ ಹಿಂದೆ, ಮುಟ್ಟದೆ, ಎರಡೂ ಕೈ ಚಾಚ್ಕೊಂಡು ಬಂದ್ಲು.

ಹೊಸಿಲು ದಾಟಿದ್ಲು. ಹಜಾರ ದಾಟಿದ್ಲು. ನನ್ನ ಮುಂದೆ ಬಂದು ನಿಂತು, "ಎಲ್ಲಿ ಕೂತ್ಕೋಬೇಕು ವದಿನಾ, ಪಂಕ್ತಿ ಎಲ್ಲೈತೆ?" ಅಂದ್ಲು.

ಎದ್ದು ಕುರ್ಚಿ ತಂದು ಹಾಕಿದೆ. ಅವಳು ಕುರ್ಚಿ ಕೈ ಹಿಡ್ಕೊಂಡು, ಹಲ್ಲು ಕಚ್ಚಿ, ಕೂತ್ಲು. ಯಾವತ್ತೂ ಮುಂದಕ್ಕೆ ನೇರ ಚಾಚ್ತಿದ್ದ ಕಾಲನ್ನ ಚಾಚಲಿಲ್ಲ. ನನ್ನ ಮುಖಾನೇ ನೋಡ್ತಾ, ನೆಲದ ಮೇಲೆ ಪಾದ ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳ್ಕೊಂಡ್ಲು. ಬಾಯಿಂದ "ಹಮ್ಮಾ" ಅಂತ ಒಂದು ಸದ್ದು ಬಂತು. ಪಲ್ಲವಿ ಆ ಸ್ಕೇಲು ತಂದು ನೆಲದ ಮೇಲೆ ಮಂಡಿಯೂರಿ ಅಳೆದ್ಲು. ಎರಡು ಸಲ ಅಳೆದ್ಲು.

"ತೊಂಬತ್ತು" ಅಂದ್ಲು. ಅಂದು ಅವ್ವನ ತೊಡೆ ಮೇಲೆ ತಲೆ ಇಟ್ಟು ಅಳಕ್ಕೆ ಶುರು ಮಾಡಿದ್ಲು.

ಸಾರಿನ ಪಾತ್ರೇಲಿ ಸೌಟು ಹಾಕಿ ಹುಡುಕಿ, ನಲ್ಲಿ ಮೂಳೆ ತೆಗೆದು ನನ್ನ ಕೈಯಾರೆ ಬೀಗಿತ್ತಿ ತಟ್ಟೆಗೆ ಹಾಕಿದೆ. ಅವಳು ಕುಟ್ಟಿ ಬಾಯಿಗಿಟ್ಕೊಂಡ್ಲು. ಸದ್ದೇ ಬರಲಿಲ್ಲ. ಮುಖ ಕಿವುಚ್ಕೊಂಡು ನುಂಗಿದ್ಲು. ಮಂಡಿ ನೋವು ಪಾಪ ಅಂದ್ಕೊಂಡೆ.

ಆಗ ಮಂಜ ಕಣ್ಣೊರೆಸ್ಕೊಂತಾ ಅಂದ, "ನಮ್ಮಮ್ಮ ಬೇಕೂಂತಲೇ ಹಂಗಂದಿದ್ದು. ಅತ್ತೇನ ಎಬ್ಬಿಸಕ್ಕೆ." ಸುಜಾತ ಬಂದು ನನ್ನ ಕೈ ಹಿಡ್ಕೊಂಡು, "ತಪ್ಪು ತಿಳ್ಕೊಂಬಿಟ್ಟೆ ಅತ್ತೆ" ಅಂದ್ಲು. ಸಾಯಂಕಾಲದೊಳಗೆ ಡೈರಿ ತನಕ ಸುದ್ದಿ ಹೋಯ್ತು, ಇಂಥ ಬೀಗಿತ್ತಿ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು ಅಂತ. ನಾನು ಅಲ್ಲ ಅನ್ನಲಿಲ್ಲ. ಹೌದು ಅಂತಾನೂ ಅನ್ನಲಿಲ್ಲ. ತಲೆ ಬಗ್ಗಿಸಿ ನಕ್ಕೆ. ಆ ನಗು ಕುಂಟಿದ್ದಕ್ಕಿಂತ ದೊಡ್ಡ ಸುಳ್ಳು.

ಪಲ್ಲವಿ ಒಬ್ಬಳು ಮಾತ್ರ ನಂಬಲಿಲ್ಲ. ಒಂದು ವಾರಕ್ಕೆ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದ್ಲು. "ಕೇಳ್ತಾ ಇದ್ಯಲ್ಲ, ನಿನ್ನ ಬಗ್ಗೆ ಒಂದು ಸಾಲು ಬರೆದಿದ್ದೀನಿ" ಅಂತ ಕನ್ನಡದಲ್ಲಿ ಓದಿ ಹೇಳಿದ್ಲು: "ರೋಗಿಯು ಯಾರ ಸಹಾಯವೂ ಇಲ್ಲದೆ ಎದ್ದು ನಡೆದರು. ಕಾರಣ, ಮನೆಯ ಇನ್ನೊಬ್ಬ ಹಿರಿಯರ ಹೊಟ್ಟೆಕಿಚ್ಚು."

"ಅಳಿಸೇ" ಅಂದೆ. "ಪೆನ್ನಲ್ಲಿ ಬರೆದಿದ್ದೀನಿ" ಅಂದ್ಲು.

ಹೊಟ್ಟೆಕಿಚ್ಚು ಈಗಲೂ ಹೋಗಿಲ್ಲ. ಬೀಗಿತ್ತಿ ಈಗ ಶ್ರೀನಿವಾಸಪುರದಲ್ಲಿ ತೋಟ ಸುತ್ತಿ ಬರ್ತಾಳಂತೆ. ಅದನ್ನ ಕೇಳಿದ ದಿನ ನಾನು ಡೈರಿಗೆ ಎರಡು ಸಲ ಹೋಗ್ಬಂದೆ. ಮೃದ್ವಸ್ಥಿಗೆ ಊಟ ಆಗ್ಲಿ ಅಂತ ಅನ್ಕೊಳ್ಳಿ. ಆದ್ರೆ ಒಂದು ವಿಷಯ ಮಾತ್ರ ಮುಳ್ಳಿನಂಗೆ ಚುಚ್ತಿತ್ತು. ಎಲ್ಲರ ಹತ್ರ ಒಳ್ಳೇವಳು ಅನ್ನಿಸ್ಕೊಂಡಿದ್ದೆ. ಅವಳ ಹತ್ರಾನೂ ಹಂಗೇ ಇದ್ದುಬಿಟ್ರೆ ಸತ್ತ ಮೇಲೂ ನಿದ್ದೆ ಬರಲ್ಲ ಅನ್ನಿಸ್ತು.

ಈ ವರ್ಷದ ಹೊಸತೊಡಕಿಗೆ ಅವಳು ಬಂದ್ಲು. ಬಸ್‌ಸ್ಟಾಪಿಂದ ನಡ್ಕೊಂಡೇ ಬಂದ್ಲು, ಕೈಯಲ್ಲಿ ಕೋಲೂ ಇಲ್ಲ. ಊಟಕ್ಕೆ ಅವಳು ಕುರ್ಚಿ ಮೇಲೆ, ನಾನು ಪಕ್ಕದಲ್ಲಿ ನೆಲದ ಮೇಲೆ. ಸುಜಾತ ಈ ಸಲ ಏನೂ ಕೇಳದೆ ನಲ್ಲಿ ಮೂಳೆ ನನ್ನ ತಟ್ಟೆಗೆ ಹಾಕಿದ್ಲು. ನಾನು ಅದನ್ನ ಕೈಯಲ್ಲಿ ಹಿಡ್ಕೊಂಡು, ಯಾರಿಗೂ ಕೇಳಿಸದಂಗೆ ಅಂದೆ:

"ನಾರಾಯಣಮ್ಮ, ಒಂದು ಮಾತು ಹೇಳ್ಬೇಕು. ಹೋದ ವರ್ಷ ನಿನ್ನ ಎಬ್ಬಿಸ್ಬೇಕು ಅಂತ ನಾನು ಹಂಗಂದಿದ್ದಲ್ಲ. ಹೊಟ್ಟೆ ಉರೀಗೆ ಅಂದಿದ್ದು. ನೀನು ಮೂಳೆ ಆಸೆಗೆ ಅಷ್ಟು ನೋವು ತಿಂದು ಎದ್ದು ಬಂದೆ. ನನಗೆ ಬಾಳ ಬೇಜಾರಾಗೈತೆ ಕಣೇ."

ಅವಳು ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿದ್ಲು. ನಿಧಾನಕ್ಕೆ ನೀರು ಕುಡಿದ್ಲು. ಆಮೇಲೆ ನನ್ನ ಕಡೆ ಬಗ್ಗಿ ಅಂದ್ಲು:

"ಮೂಳೆ ಆಸೆನಾ? ನನಗೆ ಮೊದಲಿಂದಲೂ ನಲ್ಲಿ ಮೂಳೆ ಕಂಡ್ರೆ ವಾಕರಿಕೆ ವದಿನಾ. ಅವತ್ತು ನೀನು ಸುರ್ ಅಂತ ಎಳೆಯೋ ಸದ್ದು ಮಂಚದ ಮೇಲೆ ಮಲ್ಕೊಂಡು ಕೇಳ್ಬೇಕಾಗ್ತದಲ್ಲಾ ಅಂತ ಎದ್ದು ಬಂದೆ."